ಕೊಕ್ಕೆಯೋ ಬೊಟ್ಟೋ

ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ದಿನ ಕಳೆದು ಎರಡು ಮಳೆ ಬಿದ್ದ ಮೇಲೆ ನಮ್ಮ ಪೆರ್ಲದ ಕಡೆ ರಾತ್ರಿ ಜಗಲಿಯ ಲೈಟು ಹಾಕಿದ್ರೆ ಸಾಕು, ಗೋಡೆ ತುಂಬಾ ಪತಂಗ. ಮೂರು ವರ್ಷದಿಂದ ಮೊಬೈಲಲ್ಲಿ ಅವುಗಳ ಫೋಟೋ ತೆಗೀತಾ ಇದ್ದೇನೆ, ಅದ್ರಲ್ಲಿ ನನ್ನನ್ನು ಜಾಸ್ತಿ ಸತಾಯಿಸಿದ್ದು ಹಣ್ಣು ಚುಚ್ಚುವ ಪತಂಗಗಳು, ಯೂಡೋಸಿಮಾ ಅಂತ.

ಕೂತಾಗ ಒಣಗಿದ ಹಲಸಿನೆಲೆ ಹಾಗೇ ಕಾಣ್ತದೆ, ಎಲೆಯ ನರ ಕೂಡಾ ಉಂಟು ಅಂತ ಅನ್ನಿಸ್ತದೆ. ಮೊದಲ ವರ್ಷ ಸಿಕ್ಕಿದ್ದಕ್ಕೆಲ್ಲ ಯೂಡೋಸಿಮಾ ಫಲೋನಿಯಾ ಅಂತಲೇ ಬರೆದಿಟ್ಟೆ. ಅದು ತಪ್ಪು. ಇದೇ ತರದ ಯೂಡೋಸಿಮಾ ಮಟೆರ್ನಾ ಅಂತ ಇನ್ನೊಂದುಂಟು, ಸಾಲದ್ದಕ್ಕೆ ಒಂದೇ ಜಾತಿಯ ಗಂಡು ಹೆಣ್ಣಿನ ಮುಂದಿನ ರೆಕ್ಕೆಯೇ ಬೇರೆ ಬೇರೆ ತರ ಇರ್ತದೆ, ಹಾಗಾಗಿ ಮೇಲಿಂದ ಒಂದು ಫೋಟೋ ತೆಗೆದು ಹೆಸರು ಹೇಳ್ಲಿಕ್ಕೆ ಹೋದ್ರೆ ಎಡವುದೇ. ಗುಟ್ಟು ಇರುವುದು ಒಳಗೆ ಮಡಚಿಟ್ಟ ಹಿಂದಿನ ರೆಕ್ಕೆಯಲ್ಲಿ. ಎರಡಕ್ಕೂ ಅದು ಅರಶಿನ ಕಿತ್ತಳೆ ಬಣ್ಣ, ಆದ್ರೆ ಫಲೋನಿಯಾಕ್ಕೆ ನಡುವಲ್ಲಿ ಕೊಕ್ಕೆಯ ಹಾಗೆ ಬಾಗಿದ ದಪ್ಪ ಕಪ್ಪು ಗುರುತು, ಮಟೆರ್ನಾಕ್ಕೆ ಕಾಡಿಗೆ ಬೊಟ್ಟು ಇಟ್ಟ ಹಾಗೆ ದುಂಡಗೆ.

ಕೋಲಲ್ಲಿ ಕುಟ್ಟಿ ರೆಕ್ಕೆ ಬಿಡಿಸ್ಲಿಕ್ಕೆ ಹೋಗ್ಬೇಡಿ, ಒಮ್ಮೆ ಬಣ್ಣ ತೋರಿಸಿ ಹಾರಿ ಹೋಗ್ತದೆ, ಫೋಟೋದಲ್ಲಿ ಬರೀ ಮಸುಕು. ನಾನೀಗ ಮಾಡುವುದು ಇಷ್ಟೇ, ಕೊಳೆತ ಬಾಳೆಹಣ್ಣಿಗೆ ಬೆಲ್ಲ ಕಲಸಿ ಅಡಿಕೆ ಹಾಳೆಯಲ್ಲಿ ಹಾಕಿ ಪೇರಳೆ ಮರದ ಬುಡದಲ್ಲಿ ಇಡುವುದು. "ದನಕ್ಕಾದ್ರೂ ಹಾಕ್ಬಹುದಿತ್ತಲ್ಲ ಮಗಾ" ಅಂತಾರೆ ಅಮ್ಮ. ಮೊನ್ನೆ ಒಂಬತ್ತೂವರೆಗೆ ಒಂದು ಬಂತು. ಅದರ ಸೊಂಡಿಲು ಗಟ್ಟಿ, ತುದಿಯಲ್ಲಿ ಮುಳ್ಳುಮುಳ್ಳು, ಕಿತ್ತಳೆಯ ಸಿಪ್ಪೆಯನ್ನೇ ತೂತು ಮಾಡ್ತದೆ. ಅದನ್ನು ಬಾಳೆಹಣ್ಣಿಗೆ ಊರಿ ಹೀರ್ತಾ ಹೀರ್ತಾ ರೆಕ್ಕೆ ಅರ್ಧ ಎತ್ತಿ ನಡುಗಿಸ್ತಾ ಇತ್ತು, ನಾನು ಫ್ಲ್ಯಾಶ್ ಆಫ್ ಮಾಡಿ ಟಾರ್ಚನ್ನು ಪಕ್ಕದಿಂದ ಹಿಡಿದು ನೆಲಕ್ಕೆ ಬಗ್ಗಿ ಒಂದೇ ಸಮ ಕ್ಲಿಕ್ ಮಾಡಿದೆ. ಇಪ್ಪತ್ತಮೂರು ಫೋಟೋದಲ್ಲಿ ಒಂದ್ರಲ್ಲಿ ಬೊಟ್ಟು ಸ್ಪಷ್ಟ ಬಂತು. ಮಟೆರ್ನಾ! ಅಷ್ಟು ಖುಷಿ ಆಯ್ತು ನಂಗೆ, ಮಲಗಿದ್ದ ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಹಳೇ ಫೋಟೋಗಳಲ್ಲಿ ಹಿಂದಿನ ರೆಕ್ಕೆ ಕಾಣದ್ದಕ್ಕೆಲ್ಲ ಈಗ ಬರೀ ಯೂಡೋಸಿಮಾ ಅಂತ ತಿದ್ದಿದ್ದೇನೆ.

ಇನ್ನೊಂದು ವಿಷಯ, ಬಾವಿಕಟ್ಟೆಯ ಅಮೃತಬಳ್ಳಿಯಲ್ಲಿ ಕಣ್ಣಿನ ಹಾಗೆ ಚುಕ್ಕಿ ಇರುವ ಕಪ್ಪು ಹುಳ ಒಂದು ಸಿಕ್ಕಿದೆ, ಇವುಗಳದ್ದೇ ಮರಿ. ಡಬ್ಬಿಯಲ್ಲಿ ಸಾಕ್ತಾ ಇದ್ದೆ, ನಿನ್ನೆ ಎಲೆ ಮಡಚಿ ನೂಲು ಸುತ್ತಿ ಒಳಗೆ ಕೂತಿದೆ. ಹೊರಗೆ ಬಂದ ದಿನ ಫೋಟೋ ಹಾಕ್ತೇನೆ.