ಟರ್ಕಿಗೆ ಸೂಜಿ ಚುಚ್ಚಿದ ಮಂಗಳವಾರ

ನವೆಂಬರ್ ಬಂತೆಂದರೆ ನಮ್ಮ ಕಿಚನ್ನಿನ ಹಳಬರು ಈಗಲೂ ನನ್ನನ್ನು ಕಂಡು ಹೆಬ್ಬೆರಳು ಒತ್ತಿ ತೋರಿಸುತ್ತಾರೆ, ಡಾಕ್ಟರು ಇಂಜೆಕ್ಷನ್ ಕೊಡುವ ಹಾಗೆ. ನಾನೂ ನಗುತ್ತೇನೆ. ಹೊಟ್ಟೆಯೊಳಗೆ ಮಾತ್ರ ಇನ್ನೂ ಚುರ್ ಅನ್ನುತ್ತದೆ.

ಹ್ಯೂಸ್ಟನ್ನಿನ ಒಂದು ಹೋಟೆಲಿನಲ್ಲಿ ಬ್ಯಾಂಕ್ವೆಟ್ ಸೂ ಶೆಫ್ ಆಗಿ (ದೊಡ್ಡ ಪಾರ್ಟಿಗಳ ಅಡುಗೆಗೆ ಮುಖ್ಯ ಶೆಫ್‌ನ ಕೈಕೆಳಗಿನವನು) ನನಗದು ಮೊದಲ ಥ್ಯಾಂಕ್ಸ್‌ಗಿವಿಂಗ್. ಗುರುವಾರ ಮಧ್ಯಾಹ್ನ 300 ಜನರ ಹಬ್ಬದ ಬಫೆ. 18 ಟರ್ಕಿ ಕೋಳಿ, ಒಂದೊಂದೂ 16 ಪೌಂಡ್ ಆಸುಪಾಸು, ಅಂದರೆ ಏಳು ಕಿಲೋ ದಾಟಿದ್ದು. ಹಿಂದಿನ ವರ್ಷದ ಕಾಮೆಂಟ್ ಕಾರ್ಡುಗಳಲ್ಲಿ ಇದ್ದದ್ದು ಒಂದೇ ದೂರು: ಎದೆಮಾಂಸ ಒಣಗಿತ್ತು. ಜನರಲ್ ಮ್ಯಾನೇಜರ್ ಅದನ್ನು ಅಕ್ಟೋಬರ್ ಮೀಟಿಂಗಿನಲ್ಲಿ ಎಲ್ಲರೆದುರು ಓದಿದರು. ಶೆಫ್ ಟೇಬಲ್ ನೋಡುತ್ತ ಕೂತರು. "ಈ ಸಲ ಮಸಾಲೆ ದ್ರವವನ್ನು ಸೂಜಿಯಲ್ಲಿ ಮಾಂಸದೊಳಗೆ ಇಂಜೆಕ್ಟ್ ಮಾಡೋಣ ಶೆಫ್" ಎಂದು ಬಾಯಿಬಿಟ್ಟವನು ನಾನೇ.

ಕುಂದಾಪುರದ ನಮ್ಮ ಮನೆಯಲ್ಲಿ ಕೋಳಿ ಅಂದರೆ ಹೆಚ್ಚೆಂದರೆ ಒಂದೂವರೆ ಕಿಲೋ. ತುಂಡು ಮಾಡಿ ಅರಿಶಿನ ಉಪ್ಪು ಸವರಿಟ್ಟರೆ ಎಲ್ಲ ಕಡೆ ಹಿಡಿಯುತ್ತದೆ. ಇಡೀ ಟರ್ಕಿಗೆ ಆ ಲೆಕ್ಕ ನಡೆಯುವುದಿಲ್ಲ. ಕಾಲಾವಕಾಶ ಕೊಟ್ಟರೆ ಉಪ್ಪು ನಿಧಾನಕ್ಕೆ ಒಳಗಿಳಿದೀತು. ಬೆಳ್ಳುಳ್ಳಿ, ಕಾಳುಮೆಣಸು ಮೇಲ್ಮೈಯಲ್ಲೇ ಕೂತುಬಿಡುತ್ತವೆ. ಸಾಲದ್ದಕ್ಕೆ ಎದೆಗೆ 165 ಡಿಗ್ರಿ ಫ್ಯಾರನ್‌ಹೀಟ್ ಸಾಕು, ದಾಟಿದಷ್ಟೂ ಹತ್ತಿ ಅಗಿದ ಹಾಗೆ. ತೊಡೆ ಮೆತ್ತಗಾಗಲು 175 ಆದರೂ ಬೇಕು. ಒಂದೇ ಮೈಯಲ್ಲಿ ಎರಡು ಅಡುಗೆ. ಹಾಗಾಗಿ ಸೂಜಿಯ ಯೋಚನೆ ತಪ್ಪಲ್ಲ. ಇದನ್ನು ಇವತ್ತಿಗೂ ಹೇಳುತ್ತೇನೆ.

ಇಂಜೆಕ್ಟರ್ ಬೇಕೆಂದು ರಿಕ್ವಿಸಿಷನ್ ಹಾಕಿ ಎರಡು ವಾರ ಕಾದೆ. ಪರ್ಚೇಸಿಂಗ್‌ನವರು ಕಳಿಸಿದ್ದು ನಾಲ್ಕು ಪ್ಲಾಸ್ಟಿಕ್ ಸಿರಿಂಜು. ಮೂರು ಕೊಟೇಶನ್‌ನಲ್ಲಿ ಅಗ್ಗದ್ದು, ಇನ್ನೇನು. 2 ಔನ್ಸ್ ಹಿಡಿಯುವ ಪಾರದರ್ಶಕ ಕೊಳವೆ, ಮೈಮೇಲೆ ಅರ್ಧರ್ಧ ಔನ್ಸಿಗೆ ಗೆರೆ. ಒಂದಕ್ಕೆ ನೀರು ತುಂಬಿ ಒತ್ತಿದರೆ ಅರ್ಧ ನೀರು ಹಿಂದಿನಿಂದ ಸೋರಿ ನನ್ನ ಮೊಣಕೈಗೆ ಇಳಿಯಿತು. ನಾಲ್ಕನ್ನೂ ಡ್ರಾಯರಿಗೆ ಎಸೆದೆ. ಸ್ವಂತ ದುಡ್ಡಲ್ಲಿ ಸ್ಟೀಲಿನದು ತಂದೆ. ಕೈಗೆ ಭಾರ, ಪೆಟ್ಟಿಗೆಯೊಳಗೆ ಮೂರು ಸೂಜಿ: ಒಂದರ ಪಕ್ಕಕ್ಕೆ ಸಾಲಾಗಿ 12 ತೂತು, ಇನ್ನೊಂದು ಅದರದೇ ಗಿಡ್ಡ ತಮ್ಮ, ಮೂರನೆಯದು ಓರೆಯಾಗಿ ಕೊಯ್ದ ದೊಡ್ಡ ಬಾಯಿಯದು. ಮದುವೆಗೆ ಹೊಸ ವಾಚು ಕಟ್ಟಿದವನ ಹಾಗೆ ಕಿಚನ್ನಿಡೀ ತೋರಿಸಿಕೊಂಡು ಬಂದೆ.

ನಮ್ಮ ಲೈನಿನಲ್ಲಿ ಲೂಸಿಯಾನಾದ ಹಿರಿಯ ಕುಕ್ ಒಬ್ಬರಿದ್ದರು. ಟರ್ಕಿಗೆ ಕೇಜನ್ ಮಸಾಲೆ ಚುಚ್ಚಿ, ಕಡಲೆಕಾಯಿ ಎಣ್ಣೆಯಲ್ಲಿ ಇಡಿಯಾಗಿ ಕರಿಯುವುದು ಅವರ ಕಡೆಯ ಹಬ್ಬದಡುಗೆ. ನನ್ನ ಸ್ಟೀಲನ್ನು ತಿರುಗಿಸಿ ಮುರುಗಿಸಿ ನೋಡಿ ಒಂದೇ ಮಾತು ಕೇಳಿದರು: "ಒಳಗೆ ಎಷ್ಟು ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ ಶೆಫ್?"

"ಕೈಯಂದಾಜು" ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಹಿರಿಯರು ಎರಡನೇ ಸಲ ಹೇಳದಿದ್ದರೆ ಒಪ್ಪಿಕೊಂಡಿದ್ದಾರೆ ಅಂತ ಅರ್ಥವಲ್ಲ. ಅದು ನನಗೆ ಆಮೇಲೆ ತಿಳಿಯಿತು.

ಶುಕ್ರವಾರವೇ ಫ್ರೀಜರಿನಿಂದ ವಾಕ್-ಇನ್ ಕೂಲರಿಗೆ ಇಳಿಸಿದ್ದ ಟರ್ಕಿಗಳು ಮಂಗಳವಾರ ಸಂಜೆಗೆ ಬಿಟ್ಟುಕೊಂಡಿದ್ದವು. ಬ್ಲೇಡ್ ಹಾಕಿ ಒಂದೊಂದೇ ಚೀಲ ಸೀಳಿ, ಕಸಕ್ಕೆ ಹಾಕಿ, ಶೀಟ್ ಪ್ಯಾನಿಗಿಟ್ಟು ಸ್ಪೀಡ್ ರ‍್ಯಾಕ್ ತುಂಬಿಸಿದೆ. ಚುಚ್ಚುವ ದ್ರವ ನನ್ನದೇ ರೆಸಿಪಿ: ಕರಗಿಸಿದ ಬೆಣ್ಣೆ, ಚಿಕನ್ ಬೇಸ್ (ಕೋಳಿ ಸಾರಿನ ಗಟ್ಟಿ ಪೇಸ್ಟ್) ಕಲಸಿದ ಸ್ಟಾಕ್, ಕ್ರಿಯೋಲ್ ಸೀಸನಿಂಗ್, ವೂಸ್ಟರ್ ಸಾಸ್, ಅರೆದ ಬೆಳ್ಳುಳ್ಳಿ. ಬೆಣ್ಣೆ ಉಪ್ಪಿನದು. ಬೇಸ್‌ನಲ್ಲೂ ಉಪ್ಪು ಜಾಸ್ತಿ. ಸೀಸನಿಂಗಿನ ಡಬ್ಬಿಯಲ್ಲಿ ಮೊದಲ ಹೆಸರೇ ಉಪ್ಪು. ಇಷ್ಟು ಹಾಕಿ, ರುಚಿ ನೋಡಿ, "ಮಾಂಸದೊಳಗೆ ಹರಡಿದರೆ ಸಪ್ಪೆಯಾಗುತ್ತೆ, ಸ್ವಲ್ಪ ಮುಂದಿರಲಿ" ಎಂದುಕೊಂಡು ಮೇಲಿಂದ ಇನ್ನೊಂದು ಹಿಡಿ ಹಾಕಿದೆ. ಆ ಹಿಡಿ ಹಾಕಿದ ಕೈ ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಎರಡನೇ ಟರ್ಕಿಗೇ 12 ತೂತಿನ ಸೂಜಿ ಕಟ್ಟಿಕೊಂಡಿತು. ಬೆಳ್ಳುಳ್ಳಿಯ ನಾರು ಒಂದು ಕಾರಣ. ಮಾಂಸ 38 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ತಣ್ಣಗಿತ್ತು, ಬಿಸಿ ಬೆಣ್ಣೆ ಸೂಜಿಯೊಳಗೇ ಗಟ್ಟಿಯಾಗುತ್ತಿತ್ತು, ಅದು ಇನ್ನೊಂದು. ನಾನು ಜೋರಾಗಿ ಒತ್ತಿದೆ. ಕಟ್ಟಿದ್ದು ಒಮ್ಮೆಲೇ ಬಿಟ್ಟು, ಮೊದಲು ಚುಚ್ಚಿದ್ದ ತೂತಿನಿಂದ ಪಿಚಕಾರಿಯ ಹಾಗೆ ಚಿಮ್ಮಿ, ನನ್ನ ಕನ್ನಡಕ, ಗೋಡೆಯ ಪಾರ್ಟಿ ಆರ್ಡರುಗಳ ಬೋರ್ಡು ಎಲ್ಲಕ್ಕೂ ಅಭಿಷೇಕವಾಯಿತು. ದೊಡ್ಡ ಬಾಯಿಯ ಸೂಜಿ ಹಾಕಿದೆ. ಅದು ಕಟ್ಟುವುದಿಲ್ಲ, ಆದರೆ ಎಲ್ಲವನ್ನೂ ಒಂದೇ ಕಡೆ ಸುರಿಯುತ್ತದೆ; ನಾಳೆ ಕೊಯ್ದಾಗ ಅಲ್ಲೊಂದು ಹಳದಿ ಹೊಂಡ. ಐದನೆಯದರಲ್ಲಿ ಅದು ಎದೆಮೂಳೆಗೆ ತಾಗಿ ಕೊಕ್ಕೆಯಾಯಿತು. ಉಳಿದದ್ದಕ್ಕೆ ಗಿಡ್ಡ ಸೂಜಿ. ಎಷ್ಟು ತುಂಬಿದೆ, ಎಷ್ಟು ಹೋಯಿತು, ಸ್ಟೀಲಿನೊಳಗೆ ಏನೂ ಕಾಣದು. ಕಟ್ಟಿದಾಗ "ಹೋಗಲಿಲ್ಲ" ಅಂದುಕೊಂಡು ಮತ್ತೆ ತುಂಬಿ ಚುಚ್ಚಿದ್ದೂ ಉಂಟು.

ರಾತ್ರಿ ಹನ್ನೊಂದೂವರೆಗೆ 11 ಆಗಿತ್ತು. ಓವರ್‌ಟೈಮ್ ಅಪ್ರೂವಲ್ ಇಲ್ಲ, ಕ್ಲಾಕ್ ಔಟ್ ಮಾಡಿ ಎಂದು ಮ್ಯಾನೇಜರ್ ಬಂದು ನಿಂತರು. ಉಳಿದ 7 ಬೆಳಿಗ್ಗೆಗೆ ಬಿಟ್ಟು ಬಯ್ದುಕೊಂಡು ಮನೆಗೆ ಹೋದೆ. ಲೇಬರ್ ಕಾಸ್ಟ್ ಉಳಿಸುವ ಇವರ ಚಾಳಿಯಿಂದ ನನಗೆ ಲಾಭವಾದದ್ದು ಜೀವಮಾನದಲ್ಲಿ ಅದೊಂದೇ ಸಲ.

ಬುಧವಾರ ಬೆಳಿಗ್ಗೆ ಬಂದ ಇನ್ನೊಂದು ಪಾರ್ಟಿಯ ಕೆಲಸದಲ್ಲಿ ಆ 7 ಹಾಗೇ ಉಳಿದವು. ಸಂಜೆ ಐದಕ್ಕೆ ಟೆಸ್ಟ್ ಟರ್ಕಿ ಹೊರಬಂತು. ಬಣ್ಣ ನೋಡಿ ನಾನೇ ಫೋಟೋ ತೆಗೆದೆ. ಅರ್ಧ ಗಂಟೆ ಇಟ್ಟು ಶೆಫ್ ಎದುರು ಕೊಯ್ದೆ. ರಸ ಹಲಗೆಯ ಮೇಲೆ ಹರಿಯಿತು. ಒಣಗಿದೆ ಎಂದು ಯಾರ ಅಜ್ಜನೂ ಹೇಳುವ ಹಾಗಿರಲಿಲ್ಲ.

ಶೆಫ್ ಒಂದು ತುಂಡು ಬಾಯಿಗಿಟ್ಟರು. ಅಗಿಯುವುದು ನಿಧಾನವಾಯಿತು. ತೊಡೆಯಿಂದ ಇನ್ನೊಂದು ತುಂಡು ತಾವೇ ಕಿತ್ತುಕೊಂಡರು. ಎಕ್ಸಾಸ್ಟ್ ಫ್ಯಾನಿನ ಸದ್ದು ಅಷ್ಟು ಜೋರಾಗಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಅವರು ಬಯ್ಯಲಿಲ್ಲ. ಒಂದು ಲೋಟ ನೀರು ಪೂರ್ತಿ ಕುಡಿದು, "ಚೀಲ ಎಲ್ಲಿ?" ಎಂದರು.

ಯಾವ ಚೀಲ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಪಾತ್ರೆ ತೊಳೆಯುವ ವಿಭಾಗದ ಹುಡುಗ ಲೋಡಿಂಗ್ ಡಾಕ್‌ನ ಕಸದಿಂದ ಒಂದನ್ನು ಹೆಕ್ಕಿ ತಂದ. ಶೆಫ್ ತೊಳೆದು ಟೇಬಲ್ ಮೇಲೆ ಹರಡಿದರು. ಕಂಪನಿಯ ದೊಡ್ಡ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ: ನೀರು, ಉಪ್ಪು ಸೇರಿದ ದ್ರಾವಣ ಶೇ. 8ರವರೆಗೆ ಇದೆ. ಅಂದರೆ ನನಗಿಂತ ಮೊದಲೇ ಕಾರ್ಖಾನೆಯಲ್ಲಿ ಚುಚ್ಚಿ ಕಳಿಸಿದ್ದರು. ನಾನು ಬ್ಲೇಡ್ ಹಾಕಿದ್ದು ಸರಿಯಾಗಿ ಆ ಸಾಲಿನ ನಡುವೆ. 18 ಸಲ ಹಾಕಿದ್ದೇನೆ, ಒಂದು ಸಲವೂ ಓದಿಲ್ಲ. ಯಾವ ಸೂಜಿ, ಎಷ್ಟು ತೂತು ಎಂದು ಮೂರು ವಾರ ಲೆಕ್ಕ ಹಾಕಿದವನು, ಚುಚ್ಚುವ ವಸ್ತುವಿನ ಲೇಬಲ್ ನೋಡಲು ಮೂರು ಸೆಕೆಂಡ್ ಕೊಟ್ಟಿರಲಿಲ್ಲ.

ಪೇಸ್ಟ್ರಿಯಲ್ಲಿದ್ದ ಮಂಗಳೂರಿನ ಗೆಳೆಯ ಒಂದು ತುಂಡು ತಿಂದು, ಕಣ್ಣು ಮುಚ್ಚಿ, "ಉಪ್ಪಿಗಿಂತ ರುಚಿ ಬೇರೆ ಇಲ್ಲ ಮಾರಾಯ, ಆದ್ರೆ ಉಪ್ಪು ಮಾತ್ರ ಇದ್ರೆ ಎಂತ ಮಾಡುದು?" ಎಂದ. ಆ ಹೊತ್ತಲ್ಲಿ ಅವನನ್ನು ಮಿಕ್ಸರಿಗೆ ಹಾಕಬೇಕೆನಿಸಿತ್ತು.

ಚುಚ್ಚದೆ ಉಳಿದಿದ್ದ 7 ಹಾಗೇ ಓವನ್ನಿಗೆ ಎಂದಾಯಿತು. ಕಡಿಮೆ ಬಿದ್ದದ್ದಕ್ಕೆ ಆ ರಾತ್ರಿ ನಾಲ್ಕು ಸೂಪರ್‌ಮಾರ್ಕೆಟ್ ಸುತ್ತಿ ಮೂಳೆಸಹಿತದ 9 ಟರ್ಕಿ ಎದೆ ತಂದೆ. ಪ್ರತಿಯೊಂದರ ಲೇಬಲನ್ನೂ ಮೊಬೈಲ್ ಟಾರ್ಚ್ ಹಿಡಿದು ಓದುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಏನಾದರೂ ರೀಕಾಲ್ ಆಗಿದೆಯಾ ಎಂದು ಕೇಳಿದರು. ಚುಚ್ಚಿದ ಉಳಿದ 10 ಹಿರಿಯ ಕುಕ್ ಕೈಗೆ ಹೋದವು. ಅವರು ಮಾಂಸ ಬಿಡಿಸಿ, ಬೇಯಿಸಿದ ಮೊದಲ ನೀರು ಚೆಲ್ಲಿ, ರೂವನ್ನು (ಎಣ್ಣೆಯಲ್ಲಿ ಹುರಿಯುವ ಹಿಟ್ಟು) ಚಾಕೊಲೇಟ್ ಬಣ್ಣಕ್ಕೆ ಬರುವವರೆಗೆ ಕಲಕಿ, ಈರುಳ್ಳಿ, ಸೆಲೆರಿ, ದೊಣ್ಣೆಮೆಣಸು, ಬೆಂಡೆಕಾಯಿ ಹಾಕಿ ಗಂಬೋ ಎಂಬ ಅವರ ಕಡೆಯ ಗಟ್ಟಿ ಸಾರು ಮಾಡಿದರು. ಸಾಸೇಜ್ ಹಾಕಲಿಲ್ಲ, ಒಂದು ಚಿಟಿಕೆ ಉಪ್ಪೂ ಇಲ್ಲ. ಗುರುವಾರ ಸೂಪ್ ಸ್ಟೇಷನ್ನಿನಲ್ಲಿ ಎರಡು ಗಂಟೆಗೆ ಪಾತ್ರೆ ಖಾಲಿ.

ಡಿಸೆಂಬರಿನಲ್ಲಿ ಒಂದು ಕ್ರಿಸ್‌ಮಸ್ ಪಾರ್ಟಿಗೆ ದ್ರಾವಣ ಸೇರಿಸದ ಟರ್ಕಿ ಬಂತು. ಹಿರಿಯರು ಡ್ರಾಯರಿನಿಂದ ಪರ್ಚೇಸಿಂಗ್‌ನವರ ಅದೇ ಪ್ಲಾಸ್ಟಿಕ್ ಸಿರಿಂಜು ತೆಗೆದು, ಹಿಂದಿನ ರಬ್ಬರ್ ರಿಂಗಿಗೆ ಒಂದು ಹನಿ ಎಣ್ಣೆ ಸವರಿದರು. ಸೋರುವುದು ನಿಂತಿತು. ನನ್ನ ಮುಖ ನೋಡಲಿಲ್ಲ, ಪುಣ್ಯ. ಟರ್ಕಿಯನ್ನು ತಕ್ಕಡಿಗಿಟ್ಟರು: 256 ಔನ್ಸ್. ಅದರ ಶೇ. 5 ಅಂದರೆ 13 ಔನ್ಸ್ ಹತ್ತಿರ. ಸಿರಿಂಜಿನಲ್ಲಿ ಆರೂವರೆ ಸಲ. ಉಪ್ಪಿಲ್ಲದ ಸ್ಟಾಕಿಗೆ ತೂಗಿಯೇ ಉಪ್ಪು ಹಾಕಿ, ಮಸಾಲೆ ಕುದಿಸಿ, ಬಟ್ಟೆಯಲ್ಲಿ ಸೋಸಿದರು. ಬೆಣ್ಣೆ ಒಳಗಲ್ಲ, ಚರ್ಮದಡಿ. ಒಂದೇ ತೂತಿನಿಂದ ಸೂಜಿಯನ್ನು ಮೂರು ದಿಕ್ಕಿಗೆ ತಿರುಗಿಸಿ, ಹಿಂದಕ್ಕೆ ಎಳೆಯುತ್ತ ಎಳೆಯುತ್ತ ಒತ್ತುವುದು. ಮುಗಿದ ಮೇಲೆ ಮತ್ತೆ ತಕ್ಕಡಿಗೆ. ಹೋಗಬೇಕಾದ್ದು ಹೋಗಿತ್ತು. ಮಿಕ್ಕ ದ್ರವ ಸಿಂಕಿಗೆ. ಹಸಿಮಾಂಸ ಹೊಕ್ಕು ಬಂದ ಸೂಜಿ ಅದ್ದಿದ್ದನ್ನು ಎತ್ತಿಡುವ ಹಾಗಿಲ್ಲ.

ಹಾಗಾಗಿ ಯಾರಾದರೂ ಇಂಜೆಕ್ಟರ್ ಯಾವುದು ತಗೊಳ್ಳಲಿ ಅಂದರೆ, ಒಳಗಿನದು ಕಾಣಬೇಕು, ಮೈಮೇಲೆ ಗೆರೆ ಇರಬೇಕು, ಸೂಜಿ ಕೂರುವ ತಿರುಪು ಲೋಹದ್ದಿರಬೇಕು, ಪೂರ್ತಿ ಬಿಚ್ಚಿ ತೊಳೆಯಲು ಬರಬೇಕು, ಪೆಟ್ಟಿಗೆಯಲ್ಲಿ ಸಣ್ಣ ಬ್ರಷ್ಷೂ ಎರಡು ಹೆಚ್ಚುವರಿ ರಿಂಗೂ ಇರಬೇಕು ಅನ್ನುತ್ತೇನೆ. ಮನೆಯ ಒಂದೆರಡು ಟರ್ಕಿಗೆ ಇಷ್ಟು ಧಾರಾಳ. ಹತ್ತು ದಾಟಿದರೆ ಕೈ ಸಿರಿಂಜು ಬೇಡ, ಹೆಬ್ಬೆರಳು ಹೋಗುತ್ತದೆ; ಟ್ರಿಗರ್ ಒತ್ತಿದರೆ ಬಾಟಲಿಯಿಂದ ತಾನೇ ಎಳೆದುಕೊಳ್ಳುವ ಗನ್ ಬರುತ್ತದಲ್ಲ, ಅದು. ನನ್ನ ಸ್ಟೀಲಿನದನ್ನು ಮಂಗಳೂರಿನವನು ಡೋನಟ್ಟಿಗೆ ಜಾಮ್ ತುಂಬಲು ಒಯ್ದ. ವಾಪಸ್ ಕೇಳಿಲ್ಲ.

ಜನವರಿಯಲ್ಲಿ ಒಂದು ಒಳ್ಳೆಯ ಗನ್ನಿಗೆ ರಿಕ್ವಿಸಿಷನ್ ಹಾಕಿದೆ. ಬಜೆಟ್ ಇಲ್ಲ ಎಂದು ಎರಡು ಸಲ ವಾಪಸ್ ಬಂತು. ಮಾರ್ಚ್ ಕೊನೆಗೆ ಒಂದು ದಿನ ಪರ್ಚೇಸಿಂಗ್‌ನಿಂದ ಡಬ್ಬಿ ಬಂತು: ನಾಲ್ಕು ಹೊಸ ಸಿರಿಂಜು, ನಾಲ್ಕೂ ಸ್ಟೀಲು, ಒಂದಕ್ಕೂ ಗೆರೆ ಇಲ್ಲ. ಜೊತೆಗೊಂದು ಚೀಟಿ, ಈಸ್ಟರ್ ಬಫೆಯ ಹ್ಯಾಮ್‌ಗೆ ಬಳಸಿಕೊಳ್ಳಿ ಎಂದು.

ನಮ್ಮ ಹ್ಯಾಮ್ ಕಾರ್ಖಾನೆಯಲ್ಲಿ ಉಪ್ಪುನೀರು ಚುಚ್ಚಿಸಿಕೊಂಡೇ ಬರುವಂಥದ್ದು. ಚೀಟಿಯನ್ನು ಶೆಫ್ ಕೈಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ಮೊದಲು ಒಂದು ಲೋಟ ನೀರು ತರಿಸಿಕೊಂಡರು.