ಹೆಲ್ಮೆಟ್ ಪಟ್ಟಿ

ಇವತ್ತ ಮುಂಜಾನೆ ಮಗನ ಹೆಲ್ಮೆಟ್ ಪಟ್ಟಿ ಹತ್ತಲಿಲ್ಲ. ಹೋದ ದೀಪಾವಳಿಗೆ ವಿಜಯಪುರದ ಗಾಂಧಿ ಚೌಕದಾಗ ತಂದಿದ್ದು. ಆವಾಗ ಗದ್ದದ ಕೆಳಗ ಎರಡು ಬೆರಳು ಸಡ್ಲ ಇತ್ತು, ಈಗ ಕೊಂಡಿ ಸೇರವಲ್ದು.

15ರ ಹುಡುಗ. ಮೀಸಿ ಈಗ ಚಿಗರಾಕತ್ತೈತಿ, ಗದ್ದ ಮಾತ್ರ ಆಗಲೇ ಥೇಟ್ ಅವನ ಅಜ್ಜಂದು!

ಹಲ್ಲಿನ ಡಾಕ್ಟರ್ ಹೇಳಿದ್ರು: ಟೆಸ್ಟೋಸ್ಟಿರಾನ್ ಅನ್ನೋ ಗಂಡಸರ ಹಾರ್ಮೋನ್ ಏರಿದಂಗ ಗಂಡುಹುಡುಗರ ಕೆಳದವಡಿ ಜೋರ ಬೆಳೀತೈತಿ, 18–20ರ ತನಕ ನಡದಿರತೈತಿ. ಹೆಣ್ಮಕ್ಕಳದು ಸುಮಾರು ಎರಡು ವರ್ಷ ಮೊದಲ ಶುರು, ಮೊದಲ ಮುಗೀತೈತಿ. ಕೈಕಾಲಿನ ಎಲುಬಿನ ಬೆಳವಣಿಗಿ ನಿಲ್ಲಸೋದು ಹೆಣ್ಮಕ್ಕಳ ಹಾರ್ಮೋನ್ ಅನ್ನೋ ಈಸ್ಟ್ರೋಜನ್, ಗಂಡಸರ ಮೈಯಾಗೂ ಅದ.

ಬಾಜೂಕ ಕುಂತ ಅವ್ವ ರೊಟ್ಟಿ ಬ್ಯಾಳ್ಯಾಗ ಅದ್ದಿ ಮೆತ್ತಗ ಮಾಡಾಕತ್ತಿದ್ಲು. ಖಡಕ್ ರೊಟ್ಟಿ ಕಟಂ ಅಂತ ಮುರದು ತಿಂತಿದ್ದಾಕಿ. ಮುಟ್ಟು ನಿಂತ ಮ್ಯಾಲ ಅದ ಈಸ್ಟ್ರೋಜನ್ ಇಳದು ದವಡಿ ಎಲುಬೂ ಸವೀಬಹುದು ಅಂತ ಅಕಿಗೆ ಯಾರೂ ಹೇಳಿರಲಿಲ್ಲ.

ಪಟ್ಟಿ ಪೂರಾ ಸಡ್ಲ ಮಾಡಿ ಹಾಕಿ ಕಳಿಸೀನಿ.