ಹೊಕ್ಕುಳಬಳ್ಳಿ ಹಿಡಿದವಳು

"ಮಿಸ್, ವಯರ್ ಯಾಕೆ? ಡ್ರೋನ್ ಥರ ರಿಮೋಟಲ್ಲೇ ಓಡಿಸಬಹುದಲ್ವಾ?" ನೀರೊಳಗೆ ಓಡುವ ವಾಹನ ಕಟ್ಟಲು ಕೂತ ಮೊದಲ ದಿನವೇ ಎಂಟನೇ ತರಗತಿಯ ಮಕ್ಕಳು ಕೇಳಿದ್ದರು. ನಾನು ಮೊಬೈಲನ್ನು ನೀರು ಹೋಗದ ಚೀಲದಲ್ಲಿಟ್ಟು, ಬ್ಲೂಟೂತ್ ಸ್ಪೀಕರಿನಲ್ಲಿ ಹಾಡು ಹಾಕಿ, ಚೀಲವನ್ನು ಬಕೆಟ್ಟಿನ ತಳಕ್ಕೆ ಒತ್ತಿ ಹಿಡಿದೆ. ಹಾಡು ತುಂಡಾಗಿ ನಿಂತಿತು. ಮೇಲೆತ್ತಿದೆ, ಮತ್ತೆ ಬಂತು. ರೇಡಿಯೊ ಅಲೆಗಳನ್ನು ನೀರು ನುಂಗಿಬಿಡುತ್ತದೆ ಎಂದು ನಾನು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ.

ನಾವು ಕಟ್ಟುತ್ತಿದ್ದದ್ದು ಪುಟ್ಟ ಆರ್‌ಒವಿ, ಅಂದರೆ ದಡದಲ್ಲಿ ನಿಂತು ನೀರೊಳಗೆ ಓಡಿಸುವ ವಾಹನ. ಅಮೆರಿಕದ ಎಂಐಟಿಯ ಸೀ ಗ್ರ್ಯಾಂಟ್ ವಿಭಾಗ 2003ರಲ್ಲಿ ಶುರುಮಾಡಿದ ಸೀಪರ್ಚ್ ಮಾದರಿಯೇ ನಮಗೆ ದಾರಿ. ಪಿವಿಸಿ ಪೈಪಿನ ಚೌಕಟ್ಟು, ಮುಚ್ಚಳದ ಡಬ್ಬಿಯೊಳಗಿಟ್ಟು ಮೇಣ ತುಂಬಿದ ಮೂರು ಮೋಟಾರು, 12 ವೋಲ್ಟಿನ ಬ್ಯಾಟರಿ, ಹಿಂದೆ ಮುಂದೆ ಓಡಿಸಲು ಸ್ವಿಚ್ಚುಗಳು. ಮೇಲಿನಿಂದ ಕೆಳಗಿನವರೆಗೆ 15 ಮೀಟರ್ ನೆಟ್‌ವರ್ಕ್ ಕೇಬಲ್. ಅದರೊಳಗಿನ ಎಂಟು ತಂತಿಗಳಲ್ಲಿ ಆರು ಮೋಟಾರುಗಳಿಗೆ, ಎರಡು ಖಾಲಿ. ಈ ಕೇಬಲ್ಲಿಗೆ ಮಕ್ಕಳು ಇಟ್ಟ ಹೆಸರು ಹೊಕ್ಕುಳಬಳ್ಳಿ.

ಈಜುಕೊಳಕ್ಕಿಳಿಸಿದ ದಿನ ಬೆಳಗ್ಗೆಯೆಲ್ಲ ತೇಲಿಸುವುದರಲ್ಲೇ ಹೋಯಿತು. ಪೈಪಿಗೆ ತೂತು ಕೊರೆಯದೆ ಬಿಟ್ಟಿದ್ದರಿಂದ ಒಳಗೆ ಗಾಳಿ ಉಳಿದು, ವಾಹನ ಒಂದು ಕಡೆ ವಾಲಿಕೊಂಡು ಮೊಂಡಾಗಿ ತೇಲುತ್ತಿತ್ತು. ತೂತು ಕೊರೆದ ಮೇಲೆ ಮುಳುಗಿಯೇ ಹೋಯಿತು. ಮೇಲ್ಭಾಗಕ್ಕೆ ಫೋಮ್ ಕಟ್ಟಿ, ಹೆಬ್ಬೆರಳಿನ ಉಗುರಿನಷ್ಟಷ್ಟೇ ಕತ್ತರಿಸುತ್ತಾ ಹೋದರು. ಮೋಟಾರು ನಿಲ್ಲಿಸಿದರೆ ತಾನಾಗಿ ಮೆಲ್ಲಗೆ ಮೇಲೇಳಬೇಕು, ಅಷ್ಟೇ ತೇಲುವ ಗುಣ ಸಾಕು. ಫೋಮ್ ಮೇಲೆ, ಭಾರ ಕೆಳಗೆ ಇದ್ದುದರಿಂದ ಬೆರಳಲ್ಲಿ ತಳ್ಳಿ ಓರೆ ಮಾಡಿದರೂ ತಿರುಗಿ ನೆಟ್ಟಗಾಯಿತು. ಅದನ್ನು ನೋಡಲೆಂದೇ ನಾಲ್ಕೈದು ಸಲ ತಳ್ಳಿದರು.

ಮಧ್ಯಾಹ್ನ ಎದುರಾದದ್ದು ನಿಜವಾದ ಒಗಟು. ಮೇಜಿನ ಮೇಲೆ ಭರ್ರೆಂದು ತಿರುಗುತ್ತಿದ್ದ ಪ್ರೊಪೆಲರ್‌ಗಳಿಗೆ ನೀರಿನಲ್ಲಿ ಶಕ್ತಿಯೇ ಇಲ್ಲ. ಬ್ಯಾಟರಿ ಸತ್ತಿದೆ ಎಂದ ಒಬ್ಬ. ಅಳೆದರೆ ಬ್ಯಾಟರಿ ಸರಿಯಾಗಿ 12 ವೋಲ್ಟ್ ತೋರಿಸಿತು. ಆಗ ಇಷ್ಟೂ ಹೊತ್ತು ಮಾತಾಡದೆ ಕೇಬಲ್ ಸುತ್ತುತ್ತಾ ಕೂತಿದ್ದ ಹುಡುಗಿ, "ಮೋಟಾರ್ ಹತ್ರ ನೋಡೋಣ ಮಿಸ್" ಎಂದಳು. ಜೋಡಣೆಯ ಟೇಪು ಬಿಚ್ಚಿ, ಪ್ರೊಪೆಲರನ್ನು ಮಾತ್ರ ಬಕೆಟ್ಟಿನಲ್ಲಿ ಮುಳುಗಿಸಿ ಮಲ್ಟಿಮೀಟರ್ ಹಿಡಿದಳು. ಗಾಳಿಯಲ್ಲಿ 11ರ ಮೇಲೆ ಇದ್ದದ್ದು ನೀರಿನಲ್ಲಿ 8ಕ್ಕೆ ಕುಸಿಯಿತು.

ಒಂದೇ ತಂತಿ, ಒಂದೇ ಬ್ಯಾಟರಿ, ಎರಡು ಲೆಕ್ಕ! ನೀರನ್ನು ತಳ್ಳಲು ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಹೆಚ್ಚಿದಷ್ಟೂ ಆ ತೆಳ್ಳನೆಯ ತಾಮ್ರ ಹೆಚ್ಚು ವೋಲ್ಟೇಜ್ ತಿನ್ನುತ್ತದೆ. ಹೋಗಿ ಬರುವ ದಾರಿ ಸೇರಿ ತಂತಿ 30 ಮೀಟರ್. ಪುಸ್ತಕದ ಓಮ್ ನಿಯಮವನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ, ಅದು ಹೀಗೆ ಒದ್ದೆ ಕೈಗಳ ನಡುವೆ ಕಾಣಿಸಿಕೊಂಡದ್ದು ಅವತ್ತೇ.

ಕೊಳದ ಆಳ 3 ಮೀಟರ್, 15 ಮೀಟರ್ ಕೇಬಲ್ ಬೇಕಿರಲಿಲ್ಲ. ಆದರೂ ಕತ್ತರಿಸಲು ಯಾರಿಗೂ ಮನಸ್ಸಿಲ್ಲ. ದೊಡ್ಡ ಕೆರೆಗೆ ಇಳಿಸುವ ಕನಸು ಅದರಲ್ಲಿತ್ತಲ್ಲ. ಕೊನೆಗೆ ಆ ಹುಡುಗಿಯೇ ಕತ್ತರಿ ತೆಗೆದುಕೊಂಡು 8 ಮೀಟರಿಗೆ ತುಂಡರಿಸಿದಳು. ಮತ್ತೆ ಅಳೆದಾಗ ಒಂಬತ್ತೂವರೆ ವೋಲ್ಟ್. ಬೆಸುಗೆ, ಟೇಪು, ಮೇಣ ಎಲ್ಲ ಮುಗಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು.

ಕೊಳದ ತಳದಲ್ಲಿದ್ದ ಬಳೆಯಂಥ ಉಂಗುರಗಳನ್ನು ತಂತಿಯ ಕೊಕ್ಕೆಯಿಂದ ಎತ್ತಬೇಕಿತ್ತು. ಸ್ವಿಚ್ಚಿಗಾಗಿ ಜಗಳವೋ ಜಗಳ. ಕೇಬಲ್ ಹಿಡಿಯುವ ಕೆಲಸ ಮಾತ್ರ ಯಾರಿಗೂ ಬೇಡ. ಅವಳು ಹಿಡಿದಳು. ಸಡಿಲ ಬಿಟ್ಟರೆ ಪ್ರೊಪೆಲರಿಗೆ ಸುತ್ತಿಕೊಳ್ಳುತ್ತದೆ, ಬಿಗಿ ಮಾಡಿದರೆ ವಾಹನದ ಮೂತಿ ಹೊರಳುತ್ತದೆ. ಅರ್ಧ ಗಂಟೆಯಲ್ಲಿ ಅವಳಿಗೆ ಹದ ಸಿಕ್ಕಿತು.

ಎರಡನೇ ಉಂಗುರದ ಹೊತ್ತಿಗೆ ವಾಹನ ಏಣಿಯ ಹಿಂದೆ ಸೇರಿಕೊಂಡಿತು. ಕ್ಯಾಮೆರಾ ಇರಲಿಲ್ಲ, ನೀರಿನ ಮೇಲೆ ಬೆಳಕು ಹೊಳೆದು ಏನೂ ಕಾಣದು. ಸ್ವಿಚ್ಚಿನ ಹುಡುಗ ಗಾಬರಿಯಲ್ಲಿ ಎಲ್ಲವನ್ನೂ ಒತ್ತತೊಡಗಿದ.

"ಸುಮ್ನಿರೋ, ಎಲ್ಲಾ ಬಿಡು" ಎಂದಳು. ಕಣ್ಣು ಮುಚ್ಚಿ ಕೇಬಲನ್ನು ಎರಡು ಬೆರಳಲ್ಲಿ ಹಿಡಿದು ನಿಂತಳು. "ಎಡಗಡೆ ಸಿಕ್ಕಿದೆ. ಬಲದ ಮೋಟಾರ್ ಹಿಂದಕ್ಕೆ. ಸ್ವಲ್ಪ. ಇನ್ನೂ ಸ್ವಲ್ಪ."

ಅವಳ ಬೆರಳುಗಳ ನಡುವೆ ಕೇಬಲ್ ಒಮ್ಮೆ ಜಗ್ಗಿ ಸಡಿಲವಾಯಿತು. "ಬಂತು" ಎಂದು ಅವಳು ಕಣ್ಣು ತೆರೆದಾಗ ವಾಹನ ಇನ್ನೂ ನೀರಿನಡಿಯೇ ಇತ್ತು.